ಸಹಕಾರ ಸಾರಿಗೆ ನಿಂತ ಮೇಲೆ ಕೊಪ್ಪ-ಶೃಂಗೇರಿ ಕಡೆ ಒಳಗಿನ ರೂಟುಗಳಿಗೆ ಯಾಕೆ ಯಾರೂ ಬಸ್ ಹಾಕ್ಲಿಲ್ಲ?

ಜಯಪುರ_ದಾರಿ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಸ್ ಬಗ್ಗೆ ತಿಳಿದೋರು ತುಂಬಾ ಜನ ಇದೀರಿ ಅಂತ ಕೇಳ್ತಿದೀನಿ. ನಮ್ದು ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲ್ಲೂಕು, ಜಯಪುರದಿಂದ ಇನ್ನೂ ಒಳಗೆ ಹೋಗ್ಬೇಕು. ನಾವು ಸ್ಕೂಲಿಗೆ, ಆಮೇಲೆ ಕಾಲೇಜಿಗೆ ಹೋಗ್ತಿದ್ದಿದ್ದು ಕಾರ್ಮಿಕರೇ ಸೇರಿ ನಡೆಸ್ತಿದ್ದ ಸಹಕಾರ ಸಾರಿಗೆ ಬಸ್ಸಲ್ಲೇ. ಬೆಳಗ್ಗೆ ಊರಿಂದ ಹೊರಟು ಕೊಪ್ಪ ಮುಟ್ಟಿಸಿ, ಸಂಜೆ ಕತ್ತಲಾಗೋದ್ರೊಳಗೆ ವಾಪಸ್ ತಂದು ಬಿಡ್ತಿತ್ತು. 2020ರ ಫೆಬ್ರವರಿಲಿ ಅದು ನಿಂತೇ ಹೋಯ್ತು, ಮುಂದಿನ ತಿಂಗಳೇ ಲಾಕ್‌ಡೌನ್ ಬಂತು, ಹಂಗಾಗಿ ಬಸ್ ಯಾಕೆ ಬರ್ತಿಲ್ಲ ಅಂತ ಕೇಳೋ ಪರಿಸ್ಥಿತಿಲೂ ಯಾರೂ ಇರ್ಲಿಲ್ಲ.

ಈಗ ವಿಷಯ ಏನಂದ್ರೆ ಮೇನ್ ರೋಡಲ್ಲಿ ಬಸ್ಸಿಗೆ ಅಷ್ಟೊಂದು ಕೊರತೆ ಇಲ್ಲ. ಕೊಪ್ಪದಿಂದ ಶಿವಮೊಗ್ಗಕ್ಕೆ, ಶೃಂಗೇರಿಗೆ, ಚಿಕ್ಕಮಗಳೂರಿಗೆ ಒಂದಲ್ಲ ಒಂದು ಸಿಗುತ್ತೆ, ಕೆಲವು ಟೈಮಲ್ಲಿ ಒಂದರ ಹಿಂದೆ ಒಂದು ಬರ್ತವೆ. ಆದ್ರೆ ಒಳಗಿನ ಹಳ್ಳಿಗಳಿಗೆ ಒಂದು ಬಸ್ ತಪ್ಪಿದ್ರೆ ಆಟೋನೇ ಗತಿ. ಅಪ್ಪ ಅಮ್ಮ ಇಬ್ರೇ ಇರೋದು ಮನೇಲಿ, ಮಣಿಪಾಲದ ಆಸ್ಪತ್ರೆಗೆ ತೋರಿಸೋಕೆ ಹೋಗ್ಬೇಕಂದ್ರೆ ಹಿಂದಿನ ದಿನವೇ ಕೊಪ್ಪದಲ್ಲಿ ನೆಂಟರ ಮನೇಲಿ ಉಳ್ಕೊಳ್ತಾರೆ, ಇಲ್ಲಾಂದ್ರೆ ಬಾಡಿಗೆ ಕಾರು.

ನನ್ನ ಪ್ರಶ್ನೆ ಇಷ್ಟೇ. ಸಹಕಾರ ಸಾರಿಗೆ ಬಿಟ್ಟ ಮೇನ್ ರೋಡ್ ಟೈಮುಗಳಿಗೆ ಬೇರೆ ಬಸ್ ಬಂದ್ವು, ಹಳ್ಳಿ ಟ್ರಿಪ್ಪುಗಳಿಗೆ ಯಾಕೆ ಬರ್ಲಿಲ್ಲ? ಜನ ಇಲ್ಲ ಅಂತಾನಾ? ಜನ ಇಲ್ಲ ಅಂದ್ರೆ ಅವ್ರು ಅಷ್ಟು ವರ್ಷ ಹೆಂಗೆ ಓಡಿಸಿದ್ರು? ಮತ್ತೆ ಆ ಥರ ಕಾರ್ಮಿಕರೇ ಸೇರಿ ಬಸ್ ನಡೆಸೋದು ಈಗಿನ ಕಾಲಕ್ಕೆ ಸಾಧ್ಯ ಇದೆಯಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ರೈಟ್_ಹೋಗ್ಲಿ:

ಒಳ್ಳೆ ಪ್ರಶ್ನೆ ಕೇಳಿದ್ರಿ ಮಾರಾಯ್ರೆ. ನಾನು ಈ ಭಾಗದ ಬೇರೆ ಬಸ್ಸಲ್ಲಿ ಕಂಡಕ್ಟರ್ ಆಗಿದ್ದವನು, ಈಗ ಬಿಟ್ಟಿದೀನಿ. ಸಹಕಾರದವ್ರ ಜೊತೆ ಒಂದೇ ಸ್ಟ್ಯಾಂಡಲ್ಲಿ ನಿಂತು, ಟೈಮಿಗಾಗಿ ಜಗಳ ಆಡಿ, ಒಂದೇ ಹೋಟ್ಲಲ್ಲಿ ಊಟ ಮಾಡಿದವ್ರು ನಾವು.

ಮೊದ್ಲು ಅದು ಹುಟ್ಟಿದ್ದು ಹೆಂಗೆ ಅಂತ ಹೇಳ್ತೀನಿ, ಈಗಿನ ಹುಡುಗ್ರಿಗೆ ಗೊತ್ತಿರಲ್ಲ. ಮೊದ್ಲು ಇಲ್ಲಿ ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ಅಂತ ಇತ್ತು. ಕಾರ್ಮಿಕರಿಗೂ ಮಾಲೀಕರಿಗೂ ಹೊಂದಾಣಿಕೆ ಆಗ್ದೆ ಆ ಕಂಪನಿ ಮುಚ್ಚಿತು. ಕೆಲಸ ಹೋದವ್ರು ಬೀದಿಗೆ ಬೀಳೋ ಬದಲು ಪರಿಹಾರದ ಲೆಕ್ಕದಲ್ಲಿ ಬಂದ ಹಳೇ ಬಸ್ಸುಗಳನ್ನೇ ಇಟ್ಕೊಂಡು 1991ರಲ್ಲಿ ಸೊಸೈಟಿ ಮಾಡಿದ್ರು. ಶುರುವಾಗಿದ್ದು 6 ಬಸ್ಸಿಂದ, ಮುಂದೆ 70 ದಾಟಿತು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಇವ್ರೇ ಷೇರುದಾರರು, ಇವ್ರೇ ಆಡಳಿತ ಮಂಡಳಿ. ಚಿಕ್ಕಮಗಳೂರು, ಶಿವಮೊಗ್ಗ ಅಲ್ದೆ ಘಟ್ಟ ಇಳಿದು ಉಡುಪಿ, ಮಂಗಳೂರು ತನಕ ಓಡ್ತಿತ್ತು. ನಮ್ಮ ಸುತ್ತಮುತ್ತ ಇಂಥದ್ದು ಇನ್ನೊಂದನ್ನ ನಾನು ನೋಡಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಹಳ್ಳಿ ಟ್ರಿಪ್ಪು ಅಂತ ಪ್ರತ್ಯೇಕವಾಗಿ ಒಂದು ಬಸ್ ಇರೋದಿಲ್ಲ, ಅದನ್ನ ಅರ್ಥ ಮಾಡ್ಕೊಳ್ಬೇಕು. ಒಂದು ಬಸ್ಸಿನ ಒಂದು ದಿನ ಹೆಂಗಿರ್ತದೆ ನೋಡಿ: ರಾತ್ರಿ ಹಳ್ಳೀಲಿ ಹಾಲ್ಟ್, ಬೆಳಗ್ಗೆ ಅಲ್ಲಿಂದ ಹೊರಟು ತಾಲ್ಲೂಕಿಗೆ ಬರ್ತದೆ, ಅಲ್ಲಿಂದ ಶಿವಮೊಗ್ಗನೋ ಚಿಕ್ಕಮಗಳೂರೋ ಒಂದು ದೊಡ್ಡ ಟ್ರಿಪ್ಪು, ಮಧ್ಯಾಹ್ನ ವಾಪಸ್, ಮಧ್ಯೆ ಒಂದು ಸಣ್ಣ ಟ್ರಿಪ್ಪು, ಸಂಜೆ ಮತ್ತೆ ಹಳ್ಳಿಗೆ. ಹಳ್ಳಿ ಟ್ರಿಪ್ಪಿನ ಕಲೆಕ್ಷನ್ ಡೀಸೆಲ್ಲಿಗೂ ಸಾಲ್ತಿರ್ಲಿಲ್ಲ. ಮೇನ್ ರೋಡಿನ ಟ್ರಿಪ್ಪು ದುಡಿದಿದ್ದು ಹಳ್ಳಿ ಟ್ರಿಪ್ಪನ್ನ ಸಾಕ್ತಿತ್ತು. ಆಮೇಲೆ ಏನಾಯ್ತು ಅಂದ್ರೆ ಆ ದೊಡ್ಡ ಟ್ರಿಪ್ಪಿನ ಟೈಮಿಗೆ 5 ನಿಮಿಷ ಮುಂಚೆ ಇನ್ನೊಂದು ಬಸ್ ಹೊರಡೋಕೆ ಶುರುವಾಯ್ತು. ಖಾಸಗಿ ಒಂದು ಕಡೆ, ಸರ್ಕಾರಿ ಒಂದು ಕಡೆ. ಅವು ಹಳ್ಳಿ ಸುತ್ತಿ ಬರೋದಿಲ್ಲ, ಸೀದಾ ತಾಲ್ಲೂಕು ಸ್ಟ್ಯಾಂಡಿಂದ ಎತ್ತಿಕೊಂಡು ಹೋಗ್ತವೆ. ಹಳ್ಳಿ ಬಸ್ಸು ಕೆಟ್ಟ ರೋಡಲ್ಲಿ ಕುಣಿದು ಕುಣಿದು 10 ನಿಮಿಷ ಲೇಟಾಗಿ ಬರುವಾಗ ಸ್ಟ್ಯಾಂಡು ಖಾಲಿ.

ಆಗ ಮಾಲೀಕ ಆದವ್ನು ಏನು ಮಾಡ್ತಾನೆ? ಹಳ್ಳಿ ಟ್ರಿಪ್ ಕಟ್ ಮಾಡಿ ಬಸ್ಸನ್ನ ತಾಲ್ಲೂಕಲ್ಲೇ ಹಾಲ್ಟ್ ಮಾಡಿಸ್ತಾನೆ. ಸಹಕಾರದವ್ರು ಅಷ್ಟು ಸುಲಭಕ್ಕೆ ಕಟ್ ಮಾಡ್ತಿರ್ಲಿಲ್ಲ, ಯಾಕಂದ್ರೆ ಆ ಹಳ್ಳೀಲಿ ಅವ್ರದ್ದೇ ಮನೆ ಇರ್ತಿತ್ತು. ಡ್ರೈವರಿನ ಮಗನೂ ಅದೇ ಬಸ್ಸಲ್ಲಿ ಸ್ಕೂಲಿಗೆ ಹೋಗ್ತಿದ್ದ. ಮಕ್ಕಳಿಗೆ ರಿಯಾಯಿತಿ ಪಾಸು ಬೇರೆ. ನಿಮ್ಗೆ ಬಸ್ ಸಿಕ್ಕಿದ್ದು ಅದಕ್ಕೆ, ಸೊಸೈಟಿ ಸೊರಗಿದ್ದೂ ಒಂದು ಭಾಗ ಅದಕ್ಕೇ ಅಂತ ನಾನು ಹೇಳ್ತೀನಿ.

ಘಾಟಿ_ಮಿನಿಬಸ್:

ಮೇಲಿನ ಕಂಡಕ್ಟರಣ್ಣ ಹೇಳಿದ್ದು ಸರಿ ಇದೆ, ಆದ್ರೆ ಮಾಲೀಕರ ಕಡೆಯಿಂದಲೂ ಸ್ವಲ್ಪ ಕೇಳಿ. ನಮ್ಮ ಮನೆಯವ್ರದ್ದು ಒಂದೆರಡು ಬಸ್ ಇದೆ ತೀರ್ಥಹಳ್ಳಿ ಕಡೆ, ಆಗುಂಬೆ ಇಳಿದು ಉಡುಪಿಗೆ ಹೋಗೋದು.

ನೀವು ಮಣಿಪಾಲದ ವಿಷಯ ಹೇಳಿದ್ರಲ್ಲ, ಅಲ್ಲಿಂದಲೇ ಶುರು ಮಾಡ್ತೀನಿ. ಆಗುಂಬೆ ಘಾಟಿ ತಿರುವುಗಳಲ್ಲಿ ಉದ್ದ ಬಸ್ ಒಂದೇ ಸಲಕ್ಕೆ ತಿರುಗೋದಿಲ್ಲ, ಹಂಗಾಗಿ ಮೊದಲಿಂದಲೂ ಆ ರೂಟಲ್ಲಿ ಮಿನಿ ಬಸ್ಸುಗಳೇ ಜಾಸ್ತಿ. ಬಸ್ ಸಣ್ಣದು ಅಂದ್ರೆ ಸೀಟು ಕಮ್ಮಿ, ಸೀಟು ಕಮ್ಮಿ ಅಂದ್ರೆ ಫುಲ್ ಲೋಡ್ ಇದ್ರೂ ಕಲೆಕ್ಷನ್ನಿಗೆ ಒಂದು ಮಿತಿ. ಡ್ರೈವರಿಗೆ ಕೊಡೋ ಸಂಬಳ ಸಣ್ಣ ಬಸ್ಸಿಗೆ ಅರ್ಧ ಆಗೋದಿಲ್ಲ, ಇನ್ಶೂರೆನ್ಸೂ ಆಗೋದಿಲ್ಲ. ಘಾಟಿ ಹತ್ತುವಾಗ ಡೀಸೆಲ್, ಇಳಿಯುವಾಗ ಬ್ರೇಕ್ ಲೈನರು, ಮಳೆಗಾಲದಲ್ಲಿ ಟೈರು. ಜೂನಿಂದ ಸೆಪ್ಟೆಂಬರ್ ತನಕ ಯಾವಾಗ ಗುಡ್ಡ ಜರೀತದೋ, ಯಾವ ಘಾಟಿ ಬಂದ್ ಮಾಡ್ತಾರೋ ಹೇಳೋಕಾಗಲ್ಲ. 2019ರ ಆಗಸ್ಟ್ ಮಳೇಲಿ ಚಾರ್ಮಾಡಿ ಘಾಟಿ ಜರಿದು ಬಂದ್ ಆಗಿದ್ದು ನೆನಪಿರಬೇಕು ಎಲ್ಲರಿಗೂ. ಘಾಟಿ ಬಂದ್ ಆದ್ರೆ ಸುತ್ತು ಹಾಕ್ಕೊಂಡು ಹೋಗ್ಬೇಕು, ಜನ ಮನೇಲೇ ಉಳೀತಾರೆ, ಆದ್ರೆ ಬ್ಯಾಂಕಿನ ಕಂತು ಉಳಿಯೋದಿಲ್ಲ. ಸಹಕಾರ ಸಾರಿಗೆ ಕೂಡ ಆ ಮಳೆಗಾಲ ಕಳೆದು ಆರು ತಿಂಗಳಿಗೆ ನಿಂತಿದ್ದು, ಕೇವಲ ಅದರಿಂದ ಅಂತ ನಾನು ಹೇಳ್ತಿಲ್ಲ, ಮೊದ್ಲೇ ಸಾಲ ಇದ್ದವ್ರಿಗೆ ಅಂಥಾ ಒಂದು ಮಳೆಗಾಲ ಎಷ್ಟು ಹೊಡೆತ ಅಂತ ಬಸ್ ಇಟ್ಟವ್ರಿಗೆ ಗೊತ್ತು.

ಡೀಸೆಲ್ ಕಥೆ ಕೇಳಿ. 2014ರಲ್ಲಿ ಡೀಸೆಲ್ ಬೆಲೆ ಮೇಲಿನ ಸರ್ಕಾರಿ ನಿಯಂತ್ರಣ ತೆಗೆದ್ರು, 2017ರಿಂದ ದಿನಾ ಬೆಳಗ್ಗೆ ರೇಟು ಬದಲಾಗೋಕೆ ಶುರುವಾಯ್ತು. ನಮ್ಮ ಟಿಕೆಟ್ ರೇಟು ದಿನಾ ಬದಲಾಗುತ್ತಾ? ಸ್ಟೇಜ್ ಕ್ಯಾರೇಜ್, ಅಂದ್ರೆ ದಾರೀಲಿ ಜನ ಹತ್ತಿಸಿ ಇಳಿಸಿ ಹೋಗೋ ಲೈನ್ ಬಸ್ಸಿನ ದರ ಸರ್ಕಾರ ಹೇಳಿದ ಮಿತಿಯೊಳಗೇ ಇರ್ಬೇಕು. ಖರ್ಚು ದಿನಾ ಏರುತ್ತೆ, ಟಿಕೆಟ್ ವರ್ಷಗಟ್ಲೆ ನಿಂತಲ್ಲೇ ನಿಂತಿರುತ್ತೆ. ಡೀಸೆಲ್ ಜಿಎಸ್‌ಟಿ ಒಳಗೆ ಬರೋದಿಲ್ಲ, ಆದ್ರೆ ಸ್ಪೇರ್ ಪಾರ್ಟ್‌ಗೆ ಜಿಎಸ್‌ಟಿ ಕಟ್ಬೇಕು. ಆಮೇಲೆ 2020ರ ಏಪ್ರಿಲ್‌ನಿಂದ ಹೊಸ ಗಾಡಿ ಅಂದ್ರೆ ಬಿಎಸ್-6 (ಹೊಗೆ ಕಮ್ಮಿ ಮಾಡೋ ಹೊಸ ನಿಯಮದ್ದು) ಮಾತ್ರ. ಚಾಸಿ ರೇಟು ಏರಿತು, ರಿಪೇರಿ ಅಂದ್ರೆ ಹಳೇ ಮೆಕ್ಯಾನಿಕ್ ಸ್ಪ್ಯಾನರ್ ಹಿಡ್ಕೊಂಡು ಸರಿ ಮಾಡೋ ಹಂಗಿಲ್ಲ, ಸೆನ್ಸರ್ ಹೋದ್ರೆ ಕಂಪನಿಯವ್ರೇ ಬರಬೇಕು, ಕೊಪ್ಪ ಶೃಂಗೇರಿಲಿ ಗಾಡಿ ನಿಂತ್ರೆ ಶಿವಮೊಗ್ಗದಿಂದ ಜನ ಬರೋ ತನಕ ಟ್ರಿಪ್ಪೆಲ್ಲ ಲಾಸು. ಅದಕ್ಕೇ ನಮ್ಮ ಕಡೆ ಇನ್ನೂ ಹಳೇ ಗಾಡಿಗಳನ್ನೇ ಎಫ್‌ಸಿ (ಗಾಡಿ ಓಡೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟ್) ಮಾಡಿಸ್ಕೊಂಡು ಓಡಿಸ್ತಿರೋದು, ಆಸೆಯಿಂದ ಅಲ್ಲ.

ಲಾಕ್‌ಡೌನಲ್ಲಿ ಟ್ಯಾಕ್ಸ್ ಕಟ್ಟೋಕಾಗ್ದೆ ಎಲ್ಲರೂ ಬಸ್ಸುಗಳನ್ನ ಸದ್ಯಕ್ಕೆ ಓಡಿಸಲ್ಲ ಅಂತ ಆರ್‌ಟಿಓಗೆ ಸರೆಂಡರ್ ಮಾಡಿದ್ರು. ಆಮೇಲೆ ವಾಪಸ್ ಬಿಡಿಸುವಾಗ 3 ಬಸ್ ಇದ್ದವ್ರು 2 ಬಿಡಿಸಿದ್ರು. ಯಾವ ರೂಟಿಗೆ ಬಿಡಿಸ್ತಾರೆ ಹೇಳಿ? ಕಲೆಕ್ಷನ್ ಇರೋ ರೂಟಿಗೆ. ಹಳ್ಳಿ ಮೇಲೆ ನಮ್ಗೇನೂ ದ್ವೇಷ ಇಲ್ಲ, ಖಂಡಿತ ಇಲ್ಲ.

ಕಿಗ್ಗ_ಟೀಚರ್:

ಎಲ್ಲರೂ ಡೀಸೆಲ್ಲು ಚಾಸಿ ಅಂತ ಮಾತಾಡ್ತಿದೀರಿ, ಬಸ್ಸಲ್ಲಿ ಕೂರೋರ ಬಗ್ಗೆನೂ ಸ್ವಲ್ಪ ಹೇಳ್ಬೇಕು ಅನ್ನಿಸ್ತು.

ನಾನು ಶೃಂಗೇರಿ ಕಡೆ ಶಾಲೇಲಿ ಪಾಠ ಮಾಡ್ತೀನಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ಟಿವಿಲೆಲ್ಲ ಹೆಂಗಸರು ಆಧಾರ್ ಹಿಡ್ಕೊಂಡು ಫ್ರೀ ಟಿಕೆಟ್ ತೋರಿಸ್ತಿದ್ರು. ನಮ್ಮ ಕಡೆ ಹೆಂಗಸರು ಅದನ್ನ ಟಿವಿಲಿ ನೋಡಿದ್ದೇ ಬಂತು, ಯಾಕಂದ್ರೆ ಆ ಸೌಲಭ್ಯ ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಒಳಗಿನ ರೂಟಲ್ಲಿ ಓಡೋದು ಖಾಸಗಿ ಬಸ್ಸು. ಬಯಲುಸೀಮೆಲಿ ಕೂಲಿಗೆ ಹೋಗೋ ಹೆಂಗಸಿಗೆ ದಿನಾ ಬಸ್ ಚಾರ್ಜ್ ಉಳೀತದೆ, ನಮ್ಮ ತೋಟದ ಕೆಲಸಕ್ಕೆ ಹೋಗೋ ಹೆಂಗಸು ಅಷ್ಟೂ ದುಡ್ಡು ಕೊಟ್ಟು ಹೋಗ್ಬೇಕು. ಯೋಜನೆ ಒಳ್ಳೇದೇ, ನಾನು ವಿರೋಧಿಸ್ತಿಲ್ಲ, ನನ್ನ ಅಕ್ಕ ಹಾಸನದಲ್ಲಿ ಇದಾಳೆ ಅವಳಿಗೆ ಎಷ್ಟು ಅನುಕೂಲ ಆಗಿದೆ ಅಂತ ಕಣ್ಣಾರೆ ನೋಡಿದೀನಿ. ಆದ್ರೆ ಬಸ್ಸೇ ಇಲ್ದಿರೋ ಕಡೆ ಫ್ರೀ ಟಿಕೆಟ್ ತಗೊಂಡು ಏನ್ಮಾಡೋದು.

ಇನ್ನೊಂದು ಪರಿಣಾಮ ಆಗಿದೆ. ಮೇನ್ ರೋಡಲ್ಲಿ ಸರ್ಕಾರಿ ಬಸ್ ಬಂದ್ರೆ ಹೆಂಗಸರು ಸಹಜವಾಗಿ ಅದಕ್ಕೆ ಹತ್ತುತಾರೆ, ಹಿಂದಿನ ಖಾಸಗಿ ಬಸ್ಸಿಗೆ ಅರ್ಧ ಜನ ಕಮ್ಮಿ. ಆ ಖಾಸಗಿ ಬಸ್ಸೇ ತಾನೆ ಸಂಜೆ ಹಳ್ಳಿಗೆ ಹೋಗ್ಬೇಕಾಗಿರೋದು! ಕಂಡಕ್ಟರ್ ಅವ್ರು ಹೇಳಿದ ಲೆಕ್ಕ ಇಲ್ಲಿಗೂ ಸರಿ ಬರ್ತದೆ.

ಮಕ್ಕಳದ್ದು ಬೇರೆ ಕಥೆ. ದುಡ್ಡಿರೋರ ಮಕ್ಕಳು ಖಾಸಗಿ ಶಾಲೆಯ ಹಳದಿ ಬಸ್ಸಲ್ಲಿ ಹೋಗ್ತಾರೆ, ಮನೆ ಬಾಗಿಲಿಗೆ ಬರ್ತದೆ. ಲೈನ್ ಬಸ್ಸಿಗೆ ಕಾಯೋದು ಸರ್ಕಾರಿ ಶಾಲೆ ಮಕ್ಕಳು ಮಾತ್ರ. ಹೈಸ್ಕೂಲಲ್ಲಿ ಸ್ಪೆಷಲ್ ಕ್ಲಾಸ್ ಇಟ್ರೆ ಹಳ್ಳಿ ಹುಡುಗೀರು ಕೂರೋದಿಲ್ಲ, ಕೂತ್ರೆ ಬಸ್ ತಪ್ಪುತ್ತೆ, ತಪ್ಪಿದ್ರೆ ಕಾಡು ದಾರೀಲಿ ನಡೀಬೇಕು. ಪಿಯುಸಿಗೆ ಸೇರಿಸೋದಾ ಬೇಡ್ವಾ ಅಂತ ಮನೇಲಿ ತೀರ್ಮಾನ ಆಗೋದು ಬಸ್ ಟೈಮ್ ನೋಡ್ಕೊಂಡು. ಇದನ್ನ ನಾನು ಪ್ರತಿ ವರ್ಷ ನೋಡ್ತಿದೀನಿ, ಹೊಟ್ಟೆ ಉರಿಯುತ್ತೆ.

ಕುಡ್ಲ_ಎಕ್ಸ್‌ಪ್ರೆಸ್:

ನಾನು ಘಟ್ಟದ ಕೆಳಗಿನವ, ಒಂದು ವಿಷಯ ಸೇರಿಸ್ತೇನೆ. ನಮ್ಮಲ್ಲಿಯೂ ಖಾಸಗಿ ಬಸ್ಸೇ ಜಾಸ್ತಿ ಇರುವುದು. ಹಳೇ ಮೈಸೂರು ಕಡೆ ರೂಟುಗಳನ್ನು ರಾಷ್ಟ್ರೀಕರಣ ಮಾಡಿ ಸರ್ಕಾರಿ ಬಸ್ಸಿಗೆ ಕೊಟ್ಟ ಹಾಗೆ ಕರಾವಳಿ ಮತ್ತು ನಿಮ್ಮ ಮಲೆನಾಡಿನ ಹೆಚ್ಚಿನ ರೂಟುಗಳಲ್ಲಿ ಆಗ್ಲಿಲ್ಲ. ಮಂಗಳೂರು-ಕಾಸರಗೋಡು ಒಂದು ಉಂಟು, ಅಲ್ಲಿ ಕರ್ನಾಟಕದ್ದು ಕೇರಳದ್ದು ಸರ್ಕಾರಿ ಬಸ್ಸುಗಳು ಮಾತ್ರ. ಅದೇ ಮಂಗಳೂರಿಂದ ಉಡುಪಿ ಕಡೆ ನೋಡಿ, ಖಾಸಗಿ ಎಕ್ಸ್‌ಪ್ರೆಸ್ ನಿಮಿಷ ನಿಮಿಷಕ್ಕೆ ಹೊರಡ್ತದೆ.

ಆದ್ರೆ ನಮ್ಮ ಕಡೆ ಈ ವ್ಯವಸ್ಥೆ ನಡೀತದೆ ಯಾಕೆ ಅಂದ್ರೆ ಮನೆಗಳು ಒತ್ತೊತ್ತಾಗಿ ಉಂಟು, ಕಾಲೇಜು, ಆಸ್ಪತ್ರೆ, ಫ್ಯಾಕ್ಟರಿ ಎಲ್ಲ ರೂಟಲ್ಲೇ ಉಂಟು. ಹತ್ತು ಕಿಲೋಮೀಟರಲ್ಲಿ ಬಸ್ ಮೂರು ಸಲ ತುಂಬಿ ಖಾಲಿ ಆಗ್ತದೆ. ನಿಮ್ಮಲ್ಲಿ ಹತ್ತು ಕಿಲೋಮೀಟರಿಗೆ ನಾಲ್ಕು ತೋಟದ ಗೇಟು, ಗೇಟಿಂದ ಮನೆ ಇನ್ನೂ ಒಂದು ಮೈಲಿ. ಕಾಂಪಿಟಿಷನ್ ಇದ್ರೆ ಸರ್ವಿಸ್ ಒಳ್ಳೇದಾಗ್ತದೆ ಅಂತ ನಮ್ಮ ಕಡೆಯವ್ರು ವಾದ ಮಾಡ್ತಾರೆ, ಅದು ಜನ ತುಂಬಾ ಇರುವ ರೂಟಿಗೆ ಸರಿ. ಒಂದೇ ಬಸ್ಸಿಗೆ ಸಾಕಾಗುವಷ್ಟು ಜನ ಇರುವ ಕಡೆ ಎರಡು ಬಸ್ ಬಿಟ್ರೆ ಎರಡೂ ಸಾಯ್ತವೆ. ಸರ್ಕಾರಿ ಬೇಕಾ ಖಾಸಗಿ ಬೇಕಾ ಅಂತ ಜಗಳ ಮಾಡುವ ಮೊದಲು ಒಂದೇ ಟೈಮಿಗೆ ಎರಡು ಬಸ್ಸಿಗೆ ಪರ್ಮಿಟ್ ಕೊಡುವುದನ್ನ ನಿಲ್ಲಿಸಬೇಕು ಅಂತ ನನ್ನ ಅಭಿಪ್ರಾಯ.

ಜಯಪುರ_ದಾರಿ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇನ್ ರೋಡಿನ ದುಡ್ಡಲ್ಲಿ ಹಳ್ಳಿ ಬಸ್ ಓಡ್ತಿತ್ತು ಅನ್ನೋದು ನನಗೆ ಯಾವತ್ತೂ ಹೊಳೆದಿರ್ಲಿಲ್ಲ. ಟೀಚರ್ ಹೇಳಿದ್ದು ಓದಿ ಬೇಜಾರಾಯ್ತು, ನಮ್ಮ ಮನೆ ಪಕ್ಕದ ಹುಡುಗಿ ಕಥೆನೂ ಅದೇ.

ಸರಿ, ಈಗ ಏನು ಮಾಡ್ಬಹುದು? ಯಾರಿಗೆ ಅರ್ಜಿ ಕೊಡೋದು? ಎಮ್ಮೆಲ್ಲೆ ಹತ್ರ ಎಲ್ಲ ಹೋಗಿ ಬಂದಿದಾರೆ ಊರವ್ರು. ಮತ್ತೆ ಸೊಸೈಟಿ ಥರ ಮಾಡೋದರ ಬಗ್ಗೆ ಯಾರೂ ಹೇಳ್ಲಿಲ್ಲ.

ಪರ್ಮಿಟ್_ಫೈಲು:

ಆರ್‌ಟಿಓ ಕೆಲಸಗಳಿಗೆ ಓಡಾಡಿ ಸ್ವಲ್ಪ ಅನುಭವ ಇದೆ, ಹೇಳ್ತೀನಿ.

ಮೊದ್ಲು ಒಂದು ತಿಳ್ಕೊಳ್ಳಿ, ಖಾಸಗಿ ಬಸ್ಸಿಗೆ ಪರ್ಮಿಟ್ಟು, ಟೈಮಿಂಗ್ಸ್ ಕೊಡೋದು ಜಿಲ್ಲೆಯ ಸಾರಿಗೆ ಪ್ರಾಧಿಕಾರ, ಅದಕ್ಕೆ ಡಿಸಿ ಅಧ್ಯಕ್ಷರು. ಬಸ್ ಮಾಲೀಕರು ಆ ಸಭೆಗೆ ವಕೀಲರನ್ನ ಕರ್ಕೊಂಡು ಹೋಗ್ತಾರೆ, ಒಬ್ಬರ ಟೈಮಿಗೆ ಇನ್ನೊಬ್ಬರು ಆಕ್ಷೇಪಣೆ ಹಾಕ್ತಾರೆ, ಗಂಟೆಗಟ್ಲೆ ವಾದ ನಡೆಯುತ್ತೆ. ಅಲ್ಲಿ ಪ್ಯಾಸೆಂಜರ್ ಪರವಾಗಿ ಮಾತಾಡೋಕೆ ಒಬ್ಬರೂ ಇರೋದಿಲ್ಲ. ನೀವು ಎಮ್ಮೆಲ್ಲೆ ಹತ್ರ ಬಸ್ ಕೊಡಿ ಅಂತ ಕೇಳೋದಕ್ಕಿಂತ, ಗ್ರಾಮ ಪಂಚಾಯ್ತಿಲಿ ಒಂದು ಠರಾವು ಮಾಡಿಸಿ, ಇಂಥಾ ಪರ್ಮಿಟ್ಟಿನ ಬಸ್ಸು ಇಂಥಾ ಹಳ್ಳಿಗೆ ಬರ್ಬೇಕಾಗಿತ್ತು ಬರ್ತಿಲ್ಲ ಅಂತ ಪ್ರಾಧಿಕಾರಕ್ಕೆ ಬರ್ದು ಕೊಡಿ. ಪರ್ಮಿಟ್ಟಲ್ಲಿ ಹಳ್ಳಿ ಹೆಸರು ಇದ್ದೂ ಟ್ರಿಪ್ ಕಟ್ ಮಾಡ್ತಿದ್ರೆ ಅದು ಷರತ್ತು ಮುರಿದ ಹಾಗೆ, ಕೇಳೋ ಹಕ್ಕು ನಿಮ್ಗಿದೆ. ರೂಟಲ್ಲಿ ಬಸ್ಸೇ ಇಲ್ಲ ಅಂದ್ರೆ ಮೋಟಾರು ವಾಹನ ಕಾಯ್ದೆಯ 87ನೇ ಸೆಕ್ಷನ್ ಪ್ರಕಾರ 4 ತಿಂಗಳ ತನಕ ತಾತ್ಕಾಲಿಕ ಪರ್ಮಿಟ್ ಕೊಡೋಕೆ ಅವಕಾಶ ಇದೆ. ಯಾರಾದ್ರೂ ಸಣ್ಣ ಮಾಲೀಕ ಓಡಿಸಿ ನೋಡೋಕೆ ತಯಾರಿದ್ರೆ ಅದು ಒಳ್ಳೆ ದಾರಿ. ಸರ್ಕಾರಿ ಬಸ್ ಬೇಕಂದ್ರೆ ಚಿಕ್ಕಮಗಳೂರು ವಿಭಾಗೀಯ ನಿಯಂತ್ರಣಾಧಿಕಾರಿಗೆ ಬೇರೆ ಅರ್ಜಿ.

ಸೊಸೈಟಿ ವಿಷಯ: ಆಗುತ್ತೆ, ಆದ್ರೆ ಹಳೇ ಲೆಕ್ಕದಲ್ಲಿ ಆಗಲ್ಲ. ಸರ್ಕಾರಿ ನಿಗಮ ಸ್ಟೂಡೆಂಟ್ ಪಾಸ್ ಕೊಟ್ರೆ ಅದರ ಒಂದು ಪಾಲು ಸರ್ಕಾರ ತುಂಬಿಸುತ್ತೆ, ಶಕ್ತಿ ಟಿಕೆಟ್ಟಿನ ದುಡ್ಡೂ ಬಜೆಟ್ಟಿಂದ ಬರುತ್ತೆ. ಕಾರ್ಮಿಕರ ಸೊಸೈಟಿ ಅದೇ ಮಕ್ಕಳನ್ನ ಅದೇ ರೋಡಲ್ಲಿ ರಿಯಾಯಿತಿಲಿ ಕರ್ಕೊಂಡು ಹೋದ್ರೆ ಅದು ಕಾರ್ಮಿಕರ ಸಂಬಳದಿಂದ ಹೋಗುತ್ತೆ. ಸರ್ಕಾರಿ ಬಸ್ ಇಲ್ಲದ ರೂಟಲ್ಲಿ ಓಡೋ ಬಸ್ಸಿಗೆ ಮಾಲೀಕ ಯಾರೇ ಆಗಿರ್ಲಿ, ಮಕ್ಕಳ ಪಾಸಿನ ದುಡ್ಡು, ಹೆಂಗಸರ ಟಿಕೆಟ್ ದುಡ್ಡು ಸರ್ಕಾರ ಕೊಡಲಿ. ಅಷ್ಟು ಮಾಡಿದ್ರೆ ಸೊಸೈಟಿ ಏನು, ಒಂಟಿ ಬಸ್ಸಿನ ಮಾಲೀಕನೂ ಹಳ್ಳೀಲಿ ಹಾಲ್ಟ್ ಮಾಡ್ತಾನೆ.

ಘಾಟಿ_ಮಿನಿಬಸ್:

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆ ದುಡ್ಡು ಆರು ತಿಂಗಳು ತಡ ಮಾಡಿ ಕೊಟ್ರೆ ಮಾತ್ರ ಉಪಯೋಗ ಇಲ್ಲ, ಬಂಕಿನವ್ರು ನಮ್ಗೆ ಅಷ್ಟು ದಿನ ಸಾಲ ಕೊಡೋದಿಲ್ಲ.

ಇನ್ನೊಂದು, ಹಳ್ಳಿ ರೂಟಿಗೆ ದೊಡ್ಡ ಬಸ್ಸೇ ಬೇಕು ಅಂತ ಹಟ ಹಿಡೀಬೇಡಿ. ಸಣ್ಣ ಗಾಡಿ ಹಾಕಿ ಹಳ್ಳಿಯಿಂದ ತಾಲ್ಲೂಕಿಗೆ ನಾಲ್ಕು ಸಲ ಓಡಿಸೋದು, ದೊಡ್ಡ ಗಾಡಿ ಮೇನ್ ರೋಡಲ್ಲಿ ಓಡ್ಲಿ. ಎರಡರ ಟೈಮೂ ಹೊಂದಿಕೆ ಆಗ್ಬೇಕು ಅಷ್ಟೆ, ಇಳಿದ ಕೂಡ್ಲೇ ಮುಂದಿನದು ಸಿಗ್ಬೇಕು.

ರೈಟ್_ಹೋಗ್ಲಿ:

ಜಯಪುರದವ್ರೆ, ಅರ್ಜಿ ಬರೆಯುವಾಗ ಬಸ್ ಬೇಕು ಅಂತ ಸುಮ್ನೆ ಬರೀಬೇಡಿ, ಟೈಮ್ ಬರೀರಿ. ಯಾವ ಹಳ್ಳಿಲಿ ಎಷ್ಟು ಮಕ್ಕಳು, ಶಾಲೆ ಬೆಲ್ ಎಷ್ಟಕ್ಕೆ, ಸಂಜೆ ಎಷ್ಟಕ್ಕೆ ಬಿಡ್ತಾರೆ ಅಂತ ಟೀಚರ್ ಹತ್ರ ಬರೆಸ್ಕೊಳ್ಳಿ. ಬೆಳಗಿನ ಟ್ರಿಪ್ಪು ಕೊಪ್ಪಕ್ಕೆ ಬರೋದು ಆಗುಂಬೆ ಮೇಲೆ ಉಡುಪಿಗೆ ಹೋಗೋ ಬಸ್ಸಿಗಿಂತ ಕಾಲು ಗಂಟೆ ಮೊದ್ಲು ಇರ್ಬೇಕು, ಆಗ ಆಸ್ಪತ್ರೆಗೆ ಹೋಗೋರೂ ಹತ್ತುತಾರೆ, ಮಕ್ಕಳ ಜೊತೆ ಫುಲ್ ಟಿಕೆಟ್ಟೂ ನಾಲ್ಕು ಬರ್ತವೆ. ಸಂಜೆ ಟ್ರಿಪ್ಪು ಐದೂವರೆಗಿಂತ ಮೊದ್ಲು ಹೊರಡ್ಬಾರ್ದು, ಇಲ್ಲಾಂದ್ರೆ ಟೀಚರ್ ಹೇಳಿದ ಸ್ಪೆಷಲ್ ಕ್ಲಾಸಿನ ಹುಡುಗೀರಿಗೆ ಸಿಗಲ್ಲ. ಮತ್ತೆ ಡ್ರೈವರ್ ಕಂಡಕ್ಟರಿಗೆ ರಾತ್ರಿ ಮಲಗೋಕೆ ಒಂದು ರೂಮು, ಬಾಗಿಲು ಭದ್ರ ಇರೋದು, ನೀರಿರೋದು, ಪಂಚಾಯ್ತಿಯಿಂದ ಕೊಡ್ತೀವಿ ಅಂತ ಅದೇ ಠರಾವಲ್ಲಿ ಸೇರಿಸಿ. ಹಾಲ್ಟ್ ಬಸ್ ನಿಲ್ಲಿಸೋಕೆ ಸ್ಟಾಫ್ ಒಪ್ಪೋದಿಲ್ಲ ಅನ್ನೋ ಕಾರಣಕ್ಕೇ ಎಷ್ಟೋ ಟ್ರಿಪ್ಪು ಹೋಗಿವೆ. ಡ್ರಾಫ್ಟ್ ಮಾಡಿ ಇಲ್ಲಿ ಹಾಕಿ, ಟೈಮೆಲ್ಲ ಒಮ್ಮೆ ನೋಡಿ ಕೊಡ್ತೀನಿ.